ಅಡ್ಡ ಇದ್ದದ್ದನ್ನು ಉದ್ದ ಮಾಡಿದ್ದು

ನಮ್ಮ ಪರ್ಸೊನೆಲ್ ಮ್ಯಾನೇಜರ್ ಊಟಿಯ ಒಂದು ಹೋಟೆಲಿನಲ್ಲಿ ನಡೆದ ಮ್ಯಾನೇಜ್‌ಮೆಂಟ್ ತರಬೇತಿ ಮುಗಿಸಿಕೊಂಡು ವಾಪಸಾದರು. ಬರುವಾಗ ಮನೆಗೆ ನೀಲಗಿರಿ ಎಣ್ಣೆಯನ್ನೂ ಆಫೀಸಿಗೆ ಒಂದು ಐಡಿಯಾವನ್ನೂ ತಂದಿದ್ದರು. ಎಣ್ಣೆಯಿಂದ ಯಾರಿಗೂ ತೊಂದರೆಯಾದ ಸುದ್ದಿ ಇಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಉಕ್ಕಿನ ತಗಡನ್ನು ಪ್ರೆಸ್‌ಗಳಲ್ಲಿ ಒತ್ತಿ ಸ್ಕೂಟರಿನ, ಲಾರಿಯ ಬಿಡಿಭಾಗ ಮಾಡುವ ಕಾರ್ಖಾನೆ. ಅದರ ಟೈಮ್ ಆಫೀಸಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಇಡೀ ಕಾರ್ಖಾನೆಗೆ ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೊಂದು ಗಾಜಿನ ಕೋಣೆ, ಎಸಿ, ಬಾಗಿಲಲ್ಲಿ ‘ಪಾದರಕ್ಷೆ ಹೊರಗೆ ಬಿಡಿ’ ಎಂಬ ಬೋರ್ಡು. ಪಕ್ಕದ ಪ್ರೆಸ್ ಶಾಪಿನಲ್ಲಿ ಸಿಮೆಂಟ್ ಶೀಟಿನ ಕೆಳಗೆ ಬೆವರು ಸುರಿಸುತ್ತಿದ್ದವರು ನನ್ನ ಕೋಣೆಯನ್ನು ದೇವರಮನೆ ಅನ್ನುತ್ತಿದ್ದರು. ತಪ್ಪೇನಿಲ್ಲ. ಅಲ್ಲಿಗೆ ಬರುವ ದೊಡ್ಡವರೆಲ್ಲ ಯಂತ್ರಕ್ಕೆ ಕೈಮುಗಿಯುವುದೊಂದು ಬಾಕಿ, ಹಾಗೆ ನಿಲ್ಲುತ್ತಿದ್ದರು.

ಮ್ಯಾನೇಜರ್ ಶೂ ಕಳಚಿ ಒಳಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಪರದೆಯ ಮೇಲೆ ನಾನು ಮುಂದಿನ ತಿಂಗಳ ಶಿಫ್ಟ್ ಪಟ್ಟಿ ತೆರೆದಿದ್ದೆ. ಅವರು ಪರದೆಗೆ ಬೆರಳು ಒತ್ತಿ, “ಇದೇನ್ರೀ, ಜನ ಎಲ್ಲ ಎಡಗಡೆ ಕ್ಯೂ ನಿಂತಿದಾರೆ?” ಎಂದರು.

“ಹೌದು ಸಾರ್. ಒಬ್ಬೊಬ್ಬರಿಗೆ ಒಂದೊಂದು ಅಡ್ಡಸಾಲು. ತಾರೀಖು ಮೇಲ್ಗಡೆ. ಹೆಸರಿಂದ ಅಡ್ಡಕ್ಕೆ ಓದಿಕೊಂಡು ಹೋದ್ರೆ ತಿಂಗಳ ಡ್ಯೂಟಿ ಪೂರ್ತಿ ಸಿಗುತ್ತೆ.”

“ಅದೇ ತಪ್ಪು. ಜನ ಮೇಲಿರಬೇಕು. ಪೀಪಲ್ ಆನ್ ಟಾಪ್. ಹೊಸ ಮ್ಯಾನೇಜ್‌ಮೆಂಟಿನ ಮೊದಲನೇ ಪಾಠ ಅದು. ಜನ ಮೇಲೆ ಬರ್ಲಿ, ತಾರೀಖು ಎಡಗಡೆ ಕೆಳಕ್ಕಿಳೀಲಿ.”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ತಿರುಗಿ ನೋಡಿದೆ. ಇಲ್ಲ. ಊಟಿಯಲ್ಲಿ ಯಾರೋ ಕೆಲಸಗಾರರಿಗೆ ಮರ್ಯಾದೆ ಕೊಡಿ ಎಂಬ ಅರ್ಥದಲ್ಲಿ ಆಡಿದ ಮಾತನ್ನು ಈ ಮನುಷ್ಯ ಹಾಳೆಯ ಮೇಲ್ತುದಿ ಎಂದು ತಿಳಿದುಕೊಂಡು ಬಂದಿದ್ದರು. ಕುಡಿಯುವ ನೀರಿಗೆ ಇನ್ನೊಂದು ನಲ್ಲಿ ಹಾಕಿಸಿ ಅಂತ ಪ್ರೆಸ್ ಶಾಪಿನವರು ಕೇಳಿ ಒಂದು ಬೇಸಿಗೆ ಕಳೆದಿತ್ತು. ಅದಕ್ಕೆ ಬಿಡುವಿರಲಿಲ್ಲ. ಹೆಸರುಗಳನ್ನು ಮೇಲೇರಿಸುವುದಕ್ಕೆ ಬಿಡುವಿತ್ತು.

ಆ ಪಟ್ಟಿ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದೆ ನಡೆದದ್ದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಮೂರು ಶಿಫ್ಟು. ಬೆಳಗಿನದು ಒಂದು, ಮಧ್ಯಾಹ್ನದ್ದು ಎರಡು, ರಾತ್ರಿಯದು ಮೂರು. ಪ್ರತಿಯೊಬ್ಬರೂ ವಾರಕ್ಕೊಮ್ಮೆ ಶಿಫ್ಟ್ ಬದಲಿಸುತ್ತಿದ್ದರು. ಈ ವಾರ ಒಂದು ಇದ್ದವನಿಗೆ ಬರುವ ವಾರ ಎರಡು, ಆಮೇಲೆ ಮೂರು, ಮತ್ತೆ ಒಂದು. ತಿಂಗಳ ಮೊದಲನೇ ವಾರದ ಅಂಕಿಗಳನ್ನು ನಾನು ಕೈಯಲ್ಲೇ ಹೊಡೆಯುತ್ತಿದ್ದೆ. ಎರಡನೇ ವಾರದಿಂದ ಮುಂದಕ್ಕೆ ಹಾಳೆಯ ಪ್ರತಿ ಚೌಕದ ಮನೆಯಲ್ಲೂ ಒಂದು ಫಾರ್ಮುಲಾ: ಎಡಕ್ಕೆ ಏಳು ಮನೆ ಹೋಗಿ ನೋಡು, ಅಲ್ಲಿರುವುದಕ್ಕೆ ಒಂದು ಸೇರಿಸು, ಅಲ್ಲಿ ಮೂರಿದ್ದರೆ ಮತ್ತೆ ಒಂದರಿಂದ ಶುರು ಮಾಡು. ಎಡಕ್ಕೆ ಏಳು ಮನೆ ಅಂದರೆ ಅದೇ ಮನುಷ್ಯನ ಹಿಂದಿನ ವಾರದ ಅದೇ ದಿನ. ವಾರದ ರಜೆ ಒಬ್ಬೊಬ್ಬರದು ಒಂದೊಂದು ದಿನ ಆದ್ದರಿಂದ ಆ ಜಾಗಗಳಲ್ಲಿ ಮಾತ್ರ ನಾನೇ ಸೊನ್ನೆ ಹೊಡೆಯುತ್ತಿದ್ದೆ. ಹಾಳೆ ಹಲವು ತಿಂಗಳಿಂದ ಸುಸೂತ್ರವಾಗಿ ನಡೆಯುತ್ತಿತ್ತು. ಅದೇ ಅದರ ದೋಷ ಅಂತ ಕಾಣುತ್ತದೆ. ಸುಸೂತ್ರವಾಗಿ ನಡೆಯುವುದರಲ್ಲಿ ಮ್ಯಾನೇಜರಿಗೆ ಮಾಡಲು ಏನೂ ಇರುವುದಿಲ್ಲ.

“ಸಾರ್, ಈ ಪ್ರೋಗ್ರಾಮಲ್ಲಿ ಕೆಳಕ್ಕೆ ಸಾವಿರಾರು ಸಾಲು ಇದೆ. ಅಗಲಕ್ಕೆ ಇರೋದು ಇನ್ನೂರೈವತ್ತಾರೇ ಕಾಲಂ. ನಮ್ಮಲ್ಲಿ ಮುನ್ನೂರಕ್ಕೂ ಜಾಸ್ತಿ ಜನ ಇದಾರೆ. ಮೇಲ್ಗಡೆ ಹಿಡಿಸಲ್ಲ.”

“ಕಾಲಂ ಸಣ್ಣದು ಮಾಡಿ.”

“ಎಷ್ಟು ಸಣ್ಣದು ಮಾಡಿದ್ರೂ ಅಷ್ಟೇ ಕಾಲಂ ಸಾರ್. ಬಾಗಿಲು ಕಿರಿದು ಮಾಡಿದ್ರೆ ರಸ್ತೇಲಿ ಮನೆ ಹೆಚ್ಚಾಗಲ್ಲ.”

ಅವರು ಗಂಭೀರವಾಗಿ ಯೋಚಿಸಿದರು. “ಎಷ್ಟು ಜನ ಹೆಚ್ಚಿದಾರೆ?” ಎಂದರು. ಆ ಹೆಚ್ಚಿನವರನ್ನು ಕೆಲಸದಿಂದ ತೆಗೆದರೆ ಹೇಗೆ ಎಂಬ ವಿಚಾರ ಅವರ ಮುಖದ ಮೇಲೆ ಒಂದು ಗಳಿಗೆ ಓಡಾಡಿ ಹೋದದ್ದನ್ನು ನಾನು ಕಂಡೆ.

ಕೊನೆಗೆ ಪಟ್ಟಿಯನ್ನು ಎರಡು ಫೈಲು ಮಾಡುವುದೆಂದಾಯಿತು. ಪ್ರೆಸ್ ಶಾಪು, ಟೂಲ್ ರೂಮು ಒಂದರಲ್ಲಿ. ಪೇಂಟಿಂಗು, ಜೋಡಣೆ ಇನ್ನೊಂದರಲ್ಲಿ. ಕಿರಿದಾದ ಕಾಲಮ್ಮಿನಲ್ಲಿ ಹೆಸರು ಹಿಡಿಸುವುದಿಲ್ಲವಾದ್ದರಿಂದ ಹೆಸರಿನ ಬದಲು ಟೋಕನ್ ನಂಬರ್ ಹಾಕುವುದೆಂದಾಯಿತು. ಜನರನ್ನು ಮೇಲೆ ತರುವ ಭರದಲ್ಲಿ ಜನರ ಹೆಸರೇ ಹೋಯಿತು. ಅದು ಅವರಿಗೆ ತಟ್ಟಲಿಲ್ಲ.

“ಎರಡು ದಿನ ಕೊಡಿ ಸಾರ್,” ಎಂದೆ. “ಸುಮ್ನೆ ತಿರುಗಿಸೋಕಾಗಲ್ಲ. ಫಾರ್ಮುಲಾ ಎಲ್ಲ ಹೊಸದಾಗಿ ಹಾಕಬೇಕು. ಎಡಕ್ಕೆ ನೋಡ್ತಿದ್ದದ್ದು ಮೇಲಕ್ಕೆ ನೋಡಬೇಕು. ಆಮೇಲೆ ಎಲ್ಲರ ರಜೆ ಮತ್ತೆ ತುಂಬಬೇಕು.”

“ಎರಡು ದಿನಾನಾ? ಕಂಪ್ಯೂಟರ್ ಯಾಕೆ ತಂದಿದ್ದು ಹಾಗಾದ್ರೆ? ಬೊಂಬಾಯಿಂದ ಡೈರೆಕ್ಟರ್ ಬರ್ತಿದಾರೆ ಕಣ್ರೀ. ಅಷ್ಟರೊಳಗೆ ಗೋಡೆ ಮೇಲಿರಬೇಕು.” ಅಷ್ಟು ಹೇಳಿ ಕಂಪ್ಯೂಟರ್ ಮಾರಿದ ಡೀಲರಿಗೆ ಫೋನ್ ಮಾಡಿದರು.

ಮಾರನೆಯ ದಿನ ಡೀಲರ್ ಕಡೆಯ ಇಂಜಿನಿಯರ್ ಬಂದ. ಟೈ, ಬ್ರೀಫ್‌ಕೇಸು, ಕಾಲಿಗೆ ತೂತು ಬಿದ್ದ ಸಾಕ್ಸು. ಮ್ಯಾನೇಜರ ಜೊತೆ ಇಂಗ್ಲಿಷು, ನನ್ನ ಜೊತೆ ಕನ್ನಡ.

“ರೇಂಜ್ ಟ್ರಾನ್ಸ್‌ಪೋಸ್ ಅಂತ ಒಂದು ಕಮ್ಯಾಂಡ್ ಇದೆ ಮೇಡಂ. ಗೊತ್ತಿಲ್ವಾ?”

“ಗೊತ್ತು. ಮ್ಯಾನ್ಯುಯಲ್‌ನಲ್ಲಿ ಅದರ ಕೆಳಗೇ ಒಂದು ಎಚ್ಚರಿಕೆ ಬರ್ದಿದಾರೆ. ಅದು ನಿಮಗೆ ಗೊತ್ತಾ?”

ಗೊತ್ತಿರಲಿಲ್ಲ. ಮ್ಯಾನ್ಯುಯಲ್ ಓದುವುದು ಆಪರೇಟರುಗಳ ಕೆಲಸ ಎಂಬಂತೆ ಒಂದು ನಗೆ ನಕ್ಕು ಅವನು ನನ್ನ ಕುರ್ಚಿಯಲ್ಲಿ ಕೂತ. ಯಾವುದರಿಂದ ಯಾವುದರ ತನಕ ಅಂತ ಗುರುತು ಮಾಡಿದ, ಎಲ್ಲಿ ಇಳಿಸಬೇಕು ಅಂತ ತೋರಿಸಿದ, ಎಂಟರ್ ಒತ್ತಿದ. ಪರದೆ ಕಣ್ಣು ಮಿಟುಕಿಸಿತು. ಅಡ್ಡ ಇದ್ದದ್ದು ಉದ್ದ, ಉದ್ದ ಇದ್ದದ್ದು ಅಡ್ಡ. ಮ್ಯಾನೇಜರ್ ಗಣಪತಿ ಪೆಂಡಾಲಿನಲ್ಲಿ ಜಾದೂ ನೋಡುವವರ ಹಾಗೆ ಚಪ್ಪಾಳೆ ತಟ್ಟಿದರು.

ನಾನು ನಿಂತಲ್ಲಿಂದಲೇ ಬಗ್ಗಿ ಕರ್ಸರನ್ನು ಎರಡನೇ ವಾರದ ಒಂದು ಮನೆಗೆ ಒಯ್ದೆ. ಫಾರ್ಮುಲಾ ಪರದೆಯ ಮೇಲ್ಭಾಗದಲ್ಲಿ ಕಾಣಿಸಿತು. ಅಂದುಕೊಂಡಂತೆಯೇ ಆಗಿತ್ತು. ಹಾಳೆ ತಿರುಗಿತ್ತು, ಫಾರ್ಮುಲಾ ತಿರುಗಿರಲಿಲ್ಲ. ಅದು ಈಗಲೂ ಎಡಕ್ಕೇ ಏಳು ಮನೆ ನೋಡುತ್ತಿತ್ತು. ಆದರೆ ಈಗ ಎಡಗಡೆ ಇದ್ದದ್ದು ಹಿಂದಿನ ವಾರವಲ್ಲ, ಏಳು ಟೋಕನ್ ಆಚೆಯ ಬೇರೆ ಮನುಷ್ಯ. ಒಬ್ಬನಿಗೆ ಯಾವ ಶಿಫ್ಟು ಅನ್ನುವುದು ಅವನು ಹೋದ ವಾರ ಏನು ಮಾಡಿದ ಎಂಬುದರ ಮೇಲಲ್ಲ, ಅವನಿಗೆ ಪರಿಚಯವೂ ಇಲ್ಲದ ಇನ್ನೊಬ್ಬನಿಗೆ ಇವತ್ತು ರಜೆಯೋ ಅಲ್ಲವೋ ಎಂಬುದರ ಮೇಲೆ ನಿಂತಿತ್ತು. ಇವತ್ತು ಮೂರು, ನಾಳೆ ಒಂದು, ನಾಡಿದ್ದು ಮತ್ತೆ ಮೂರು. ರಾತ್ರಿ ಪಾಳಿ ಬೆಳಗ್ಗೆ ಆರಕ್ಕೆ ಮುಗಿಯುತ್ತದೆ. ಮೊದಲನೇ ಪಾಳಿ ಬೆಳಗ್ಗೆ ಆರಕ್ಕೇ ಶುರುವಾಗುತ್ತದೆ.

ಇದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದೆ. ಬೆರಳಿಟ್ಟು ತೋರಿಸಿದೆ.

“ರೀಕ್ಯಾಲ್ಕ್ಯುಲೇಟ್ ಮಾಡಿದ್ರೆ ಸರಿ ಹೋಗುತ್ತೆ ಮೇಡಂ,” ಅಂದ ಇಂಜಿನಿಯರ್, ಒಂದು ಕೀ ಒತ್ತಿದ. ಅಂಕಿಗಳು ಮತ್ತೊಂದಿಷ್ಟು ಬದಲಾದವು. “ನೋಡಿ, ಅಪ್‌ಡೇಟ್ ಆಯ್ತು.”

“ಬದಲಾಗೋದೂ ಸರಿಯಾಗೋದೂ ಒಂದೇ ಅಲ್ಲ,” ಎಂದೆ.

ಮ್ಯಾನೇಜರಿಗೆ ಬೇಸರ ಬಂತು. “ನಂಬರ್ ಬಂತಲ್ರೀ! ಒಂದು, ಎರಡು, ಮೂರು, ಸೊನ್ನೆ. ಎಲ್ಲಾದ್ರೂ ನಾಲ್ಕು ಅಂತ ಬಂದಿದ್ರೆ ತಪ್ಪು ಅನ್ಬೋದಿತ್ತು. ನಿಮಗೆ ಬದಲಾವಣೆ ಅಂದ್ರೆ ಭಯ. ನಮ್ಮ ಜನರ ಪ್ರಾಬ್ಲಮ್ಮೇ ಅದು.”

ಪ್ರಿಂಟ್ ತೆಗೆಯುವುದು ಮುಗಿದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಆ ಕಂಪ್ಯೂಟರಿನ ಮುಂಭಾಗದಲ್ಲಿ ಒಂದು ಪುಟ್ಟ ಬೀಗವಿತ್ತು. ಅದನ್ನು ತಿರುಗಿಸಿದರೆ ಕೀಬೋರ್ಡ್ ಕೆಲಸ ಮಾಡುವುದಿಲ್ಲ. ಅದರ ಕೀಲಿಯನ್ನು ತಿರುಗಿಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. “ಡೈರೆಕ್ಟರ್ ಬಂದು ಹೋಗೋ ತನಕ ಯಾರೂ ಇದನ್ನ ಮುಟ್ಟೋದು ಬೇಡ.” ಮುಟ್ಟುವವಳು ನಾನೊಬ್ಬಳೇ. ಹಾಗಾಗಿ ಅದು ಯಾರಿಗೆ ಹೇಳಿದ್ದು ಅಂತ ಊಹಿಸುವ ಕಷ್ಟವಿರಲಿಲ್ಲ.

ಹೊಸ ಪಟ್ಟಿಯನ್ನು ಗೋಡೆಗೆ ಹಾಕಿದರು. ರಂಧ್ರದ ಅಂಚಿನ ಕಾಗದವನ್ನು ಒಂದಕ್ಕೊಂದು ಅಂಟಿಸಿದಾಗ ಅದು ನೋಟಿಸ್ ಬೋರ್ಡ್ ದಾಟಿ, ಕ್ಯಾಂಟೀನ್ ಬಾಗಿಲ ಪಕ್ಕ ಹಾದು, ಶೌಚಾಲಯಕ್ಕೆ ದಾರಿ ತೋರಿಸುವ ಬಾಣದ ಗುರುತನ್ನು ಮುಚ್ಚಿ ನಿಂತಿತು. ಕೆಳಗೆ ಮ್ಯಾನೇಜರ ಸಹಿ, ಹಸಿರು ಶಾಯಿಯಲ್ಲಿ. ಜನ ತಲೆಯೆತ್ತಿ ತಮ್ಮ ಟೋಕನ್ ಹುಡುಕಿಕೊಂಡು ಏಡಿಗಳ ಹಾಗೆ ಅಡ್ಡಡ್ಡ ನಡೆಯುತ್ತಿದ್ದರು. ನಂಬರ್ ಸಿಕ್ಕಿದ ಮೇಲೆ ಬೆರಳನ್ನು ನೇರ ಕೆಳಗಿಳಿಸಿ ತಾರೀಖಿನ ಸಾಲಿಗೆ ಬರುವಷ್ಟರಲ್ಲಿ ಪಕ್ಕದವನ ಕಾಲಮ್ಮಿಗೆ ಜಾರಿರುತ್ತಿದ್ದರು.

ತಿರುಗಿಸುವುದಕ್ಕೆ ಮೊದಲು ನಾನು ಹಳೆಯ ರೀತಿಯಲ್ಲೇ ಒಂದು ಪ್ರತಿ ಪ್ರಿಂಟ್ ತೆಗೆದಿಟ್ಟಿದ್ದೆ. ಪ್ರೆಸ್ ಶಾಪಿನ ಪುಟಗಳನ್ನು ಜೆರಾಕ್ಸ್ ಮಾಡಿಸಿ ಅಲ್ಲಿನ ಫೋರ್‌ಮನ್‌ಗೆ ಕೊಟ್ಟೆ.

“ಮೊದಲ್ನೇ ವಾರ ಗೋಡೆ ಮೇಲಿರೋದೂ ಸರಿ ಇದೆ, ಅದು ಕೈಯಲ್ಲಿ ಹೊಡೆದದ್ದು. ಎರಡನೇ ವಾರದಿಂದ ಅದನ್ನ ನಂಬಬೇಡಿ. ಇದನ್ನ ನೋಡಿ ಡ್ಯೂಟಿ ಹಾಕಿ.”

ಫೋರ್‌ಮನ್ ವಿಜಯನಗರದವರು, ಸ್ವಂತ ಮನೆ, ರಿಟೈರ್‌ಮೆಂಟಿಗೆ ಹತ್ತಿರ. ಯಾವ ಕಾಗದವನ್ನೂ ಮೊದಲು ಕೆಳಗಿನಿಂದ ಓದುವವರು. “ಇದರಲ್ಲಿ ಸಹಿ ಇಲ್ಲವಲ್ಲಮ್ಮ,” ಅಂದರು.

“ನೀವೇ ನೋಡಿ, ಲೆಕ್ಕ ಸರಿ ಇದ್ಯೋ ಇಲ್ವೋ.”

“ಲೆಕ್ಕ ಸರಿ ಇರಬಹುದು. ಸಹಿ ಇಲ್ಲ.” ಮಡಿಸಿ ಡ್ರಾಯರಿಗೆ ಹಾಕಿಕೊಂಡರು. ಮೂವತ್ತು ವರ್ಷ ಕಬ್ಬಿಣದ ಜೊತೆ ಇದ್ದೂ ಬೆನ್ನಿಗೆ ಒಂದು ಚೂರು ಕಬ್ಬಿಣ ಬಂದಿರಲಿಲ್ಲ.

ಮೊದಲನೇ ವಾರ ನಾನು ಹೇಳಿದ ಹಾಗೆಯೇ ಏನೂ ಆಗಲಿಲ್ಲ. ಮ್ಯಾನೇಜರ್ ದಿನಾ ನನ್ನ ಮೇಜಿನ ಹತ್ತಿರ ಬಂದು, “ಏನ್ರೀ, ಕಾರ್ಖಾನೆ ಮುಳುಗ್ತಾ?” ಅಂತ ಕೇಳಿ ಹೋಗುತ್ತಿದ್ದರು. ಕಂಪ್ಯೂಟರ್ ಬೀಗ ಹಾಕಿಕೊಂಡು ತಣ್ಣಗೆ ಕೂತಿತ್ತು. ನಾನು ಟೈಪ್‌ರೈಟರ್‌ನಲ್ಲಿ ರಜೆ ಅರ್ಜಿಗಳ ವಿವರ ಬಡಿಯುತ್ತಿದ್ದೆ. ಎಸಿ ಮಾತ್ರ ಓಡುತ್ತಿತ್ತು.

ಎರಡನೇ ವಾರ ಶುರುವಾದ ಎರಡು ದಿನಕ್ಕೆ ಟೈಮ್ ಆಫೀಸಿನ ಕಿಟಕಿಯಲ್ಲಿ ಗುಂಪು ಸೇರಿತು. ರಾತ್ರಿ ಪಾಳಿಯ ಒಂದು ಸಾಲು ಪ್ರೆಸ್‌ಗಳಿಗೆ ಆಪರೇಟರೇ ಇಲ್ಲ. ಬೆಳಗಿನ ಪಾಳಿಯಲ್ಲಿ ಒಂದೊಂದು ಪ್ರೆಸ್ಸಿಗೆ ಇಬ್ಬರು. ರಾತ್ರಿ ಹತ್ತಕ್ಕೆ ಮನೆಗೆ ಹೋದವನು ಬೆಳಗ್ಗೆ ಆರಕ್ಕೆ ಮತ್ತೆ ಬರಬೇಕು. ಬಾರದಿದ್ದವರಿಗೆ ಗೈರುಹಾಜರಿ. ಯೂನಿಯನ್ ಕಾರ್ಯದರ್ಶಿ ಬಂದು ಹಾಳೆಯನ್ನು ಉದ್ದಕ್ಕೂ ನೋಡಿ, ಮುಂದಿನ ಸಭೆಯಲ್ಲಿ ವಿಷಯ ಎತ್ತುವುದಾಗಿ ಹೇಳಿ ಕಾಫಿಗೆ ಹೋದರು. ಅವರಿಗೆ ಮೊದಲನೇ ಶಿಫ್ಟು ಬಿದ್ದಿತ್ತು.

ಆ ದಿನವೇ ಟೀ ಬಿಡುವಿನಲ್ಲಿ ಪ್ರೆಸ್ ಆಪರೇಟರ್ ಒಬ್ಬ ಗಾಜಿನ ಕೋಣೆಯ ಬಾಗಿಲಿಗೆ ಬಂದ. ಲಗ್ಗೆರೆಯವನು, ಇನ್ನೂ ಮೂವತ್ತು ತುಂಬಿರಲಿಲ್ಲ, ಹೆಚ್ಚು ಮಾತಿಲ್ಲದ ಮನುಷ್ಯ. ಬೋರ್ಡ್ ನೋಡಿ ಬೂಟಿನ ದಾರ ಬಿಚ್ಚಲು ಬಗ್ಗಿದವನು ಬಗ್ಗಿದಂತೆಯೇ ಗೋಡೆ ಹಿಡಿದುಕೊಂಡ.

“ಬಿಚ್ಚಬೇಡಿ, ಬನ್ನಿ ಒಳಗೆ,” ಎಂದೆ.

“ಮೇಡಂ, ನಾನು ಮನೆಗೆ ಹೋಗೋದು ಯಾವಾಗ? ರಾತ್ರಿ ಪಾಳಿ ಮುಗಿಸ್ದೆ. ಬೆಳಗ್ಗೆ ನೋಡಿದ್ರೆ ಫಸ್ಟ್ ಶಿಫ್ಟೂ ನಂದೇ ಅಂತೆ. ನಾಳೆ ಮತ್ತೆ ರಾತ್ರಿ ಪಾಳಿ ಅಂತೆ. ನನ್ನ ಹೆಂಡ್ತಿ ಅಗರಬತ್ತಿ ಕೆಲಸಕ್ಕೆ ಹೋಗ್ತಾಳೆ. ನಾನಿರೋ ಹೊತ್ತಲ್ಲಿ ಅವಳು ಹೋಗ್ಬೇಕು, ಅವಳಿರೋ ಹೊತ್ತಲ್ಲಿ ನಾನು ಬರ್ಬೇಕು. ಮಗು ಚಿಕ್ಕದು. ಎರಡು ದಿನದಿಂದ ಪಕ್ಕದ ಮನೆ ಆಂಟಿ ಹತ್ರ ಬಿಟ್ಟಿದೀವಿ. ಅವರೂ ಎಷ್ಟು ದಿನ ನೋಡ್ತಾರೆ?”

“ಫೋರ್‌ಮನ್‌ಗೆ ಹೇಳಿದ್ರಾ?”

“ಹೇಳ್ದೆ. ಗೋಡೆ ನೋಡು ಅಂದ್ರು.”

ಅವನ ಕಣ್ಣು ಕೆಂಪಗೆ ಕೆಂಡದ ಹಾಗಿತ್ತು. ನಿಂತಲ್ಲೇ ತೂಗುತ್ತಿದ್ದ. ನಾನು ಎದ್ದು ಮ್ಯಾನೇಜರ ಕೋಣೆಗೆ ಹೋದೆ. ಅವರು ಡೈರೆಕ್ಟರಿಗೆ ಪಟ್ಟಿ ತೋರಿಸುವುದಕ್ಕೆ ಒಂದು ಬೆತ್ತ ತರಿಸಿಕೊಂಡು, ಅದರಿಂದ ಖಾಲಿ ಗೋಡೆಯನ್ನು ತೋರಿಸಿ ಅಭ್ಯಾಸ ಮಾಡುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಅದೇ ಅವರ ಜಾಣತನ. ಪೂರ್ತಿ ಕೇಳಿ ಏನೂ ಮಾಡದೇ ಇರುವುದು.

“ಒಬ್ಬರದು ಇಬ್ಬರದು ಎಕ್ಸೆಪ್ಷನ್ ಇದ್ದೇ ಇರುತ್ತೆ. ಫೋರ್‌ಮನ್ ಅಡ್ಜಸ್ಟ್ ಮಾಡ್ಲಿ. ಸಿಸ್ಟಮ್ ಸರಿ ಇದೆ.”

“ಹಾಗಂತ ಫೋರ್‌ಮನ್‌ಗೆ ಒಂದು ಮಾತು ಹೇಳ್ಬಿಡಿ ಸಾರ್. ಅಥವಾ ಕಂಪ್ಯೂಟರ್ ಕೀಲಿ ಕೊಡಿ, ನಾಳೆ ಸಂಜೆಯೊಳಗೆ ಸರಿ ಮಾಡ್ತೀನಿ. ಜನ ಮೇಲೇ ಇರ್ತಾರೆ.”

“ಡೈರೆಕ್ಟರ್ ನಾಳೆ ಬೆಳಗ್ಗೆ ಬರ್ತಾರೆ. ಅವರು ಬಂದಾಗ ಗೋಡೆ ಖಾಲಿ ಇರೋಕಾಗುತ್ತಾ? ಹೋಗ್ರೀ, ನಿಮ್ಮ ಕೆಲಸ ನೋಡಿ.”

ನಾನು ಪ್ರೆಸ್ ಶಾಪಿಗೆ ಹೋದೆ. ಆಫೀಸಿನ ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ಇರಲಿಲ್ಲ. ನೆಲವೆಲ್ಲ ಎಣ್ಣೆ, ಸೀರೆ ಎತ್ತಿಕೊಂಡು ನಡೆಯಬೇಕು. ಪ್ರೆಸ್‌ಗಳ ಏಟು ಹೊಟ್ಟೆಯೊಳಗೆ ಕೇಳಿಸುತ್ತಿತ್ತು. ಫೋರ್‌ಮನ್ ತಮ್ಮ ಗೂಡಿನಲ್ಲಿ ಕೂತಿದ್ದರು. ಮ್ಯಾನೇಜರ್ ಹೇಳಿದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು. “ಅಡ್ಜಸ್ಟ್ ಮಾಡು ಅಂತ ಬರೆದು ಕೊಡ್ಲಿ. ಬಾಯಿಮಾತಲ್ಲಿ ಹೇಳಿದ್ದಕ್ಕೆ ನಾಳೆ ನಾನೇ ತಲೆ ಕೊಡ್ಬೇಕು.”

ಅವರ ಹೆಗಲ ಮೇಲಿಂದ ನನಗೆ ಲಗ್ಗೆರೆಯ ಆಪರೇಟರ್ ಕಾಣುತ್ತಿದ್ದ. ಟೀ ಬಿಡುವು ಮುಗಿದು ಮತ್ತೆ ಪ್ರೆಸ್ ಮುಂದೆ ನಿಂತಿದ್ದ. ಆ ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ, ಅಂದರೆ ತಗಡನ್ನು ಒತ್ತುವ ಉಕ್ಕಿನ ಅಚ್ಚು, ಇಳಿಯಬೇಕು. ಕೈ ಎರಡೂ ಬಟನ್ ಮೇಲಿದ್ದರೆ ಡೈ ಕೆಳಗೆ ಇರುವುದಿಲ್ಲ ಎಂಬ ಲೆಕ್ಕ. ಒಂದು ಬಟನ್ನಿಗೆ ಮರದ ಚಕ್ಕೆ ಸಿಗಿಸಿ ಯಾವಾಗಲೂ ಒತ್ತಿದಂತೆಯೇ ಇರುವ ಹಾಗೆ ಮಾಡಿದ್ದರು. ಉತ್ಪಾದನೆ ಬೇಗ ಆಗಲಿ ಅಂತ. ಫೋರ್‌ಮನ್‌ಗೆ ಗೊತ್ತಿತ್ತು. ಆ ಚಕ್ಕೆಗೆ ಸಹಿ ಬೇಕಾಗಿರಲಿಲ್ಲ.

ಆಪರೇಟರ್ ಎಡಗೈಯಲ್ಲಿ ತಗಡು ಇಟ್ಟ, ಬಲಗೈಯಲ್ಲಿ ಬಟನ್ ಒತ್ತಿದ. ಡೈ ಇಳಿದು ಎದ್ದಿತು. ಮತ್ತೆ ತಗಡು ಇಟ್ಟ. ಅವನ ರೆಪ್ಪೆ ಮುಚ್ಚಿತು. ಎಡಗೈ ಡೈ ಕೆಳಗೆ ತಗಡಿನ ಮೇಲೆ ಹಾಗೇ ಉಳಿಯಿತು. ಬಲಗೈ ತನ್ನ ಪಾಡಿಗೆ ತಾನು ಬಟನ್ನಿನ ಕಡೆ ಹೋಗುತ್ತಿತ್ತು. ನಾನು ಕೂಗಿದೆ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಆದರೆ ಅವನ ತಲೆ ಜೋತು ಮುಂದಿನ ಕಬ್ಬಿಣಕ್ಕೆ ಹಣೆ ತಾಕಿ, ಬೆಚ್ಚಿ ಎಚ್ಚರಾಗಿ ಕೈ ಎಳೆದುಕೊಂಡ. ಎಳೆದುಕೊಂಡು, ಏನೂ ಆಗದವನ ಹಾಗೆ ಬಟನ್ ಒತ್ತಿದ. ಡೈ ಇಳಿಯಿತು.

ಇನ್ನೊಂದು ತಗಡು ಎತ್ತಿಕೊಂಡ.

ನಾನು ಓಡಲಿಲ್ಲ. ಜಾರಿ ಬೀಳುವ ಭಯವಿತ್ತು. ನಡೆದುಕೊಂಡು ಹೋಗಿ ಪ್ರೆಸ್ಸಿನ ಪಕ್ಕದಲ್ಲಿದ್ದ ದಪ್ಪ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದೆ. ಮೋಟಾರ್ ನಿಂತಿತು. ದೊಡ್ಡ ಚಕ್ರ ತನ್ನ ವೇಗ ಮುಗಿಯುವ ತನಕ ತಿರುಗಿ ಅದೂ ನಿಂತಿತು. ಅಕ್ಕಪಕ್ಕದ ಪ್ರೆಸ್‌ಗಳವರೂ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು.

ಫೋರ್‌ಮನ್ ಓಡಿ ಬಂದರು. “ಏನ್ ಮಾಡ್ತಿದೀರಮ್ಮ ನೀವು? ಪ್ರೆಸ್ ನಿಲ್ಲಿಸೋಕೆ ನೀವ್ಯಾರು?”

“ಟೈಮ್ ಆಫೀಸು. ನನ್ನ ಪಟ್ಟೀಲಿ ಈ ಮನುಷ್ಯ ಈ ಪಾಳೀಲಿಲ್ಲ. ಇಲ್ಲದೇ ಇರೋ ಮನುಷ್ಯನನ್ನ ಮಷೀನ್ ಮುಂದೆ ನಿಲ್ಲಿಸಿದೀರ. ಏನಾದ್ರೂ ಆದ್ರೆ ಹಾಜರಿ ಎಲ್ಲಿಂದ ತೋರಿಸ್ತೀರ? ನಾನು ಕೊಡಲ್ಲ.”

ನಿಯಮದಲ್ಲಿ ಹಾಗೆಲ್ಲ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೆ ಹಾಜರಿ ಎಂಬ ಮಾತು ಕೇಳಿದ ಕೂಡಲೇ ಅವರ ಮುಖ ಸಪ್ಪಗಾಯಿತು. ಒಬ್ಬ ಮನುಷ್ಯನ ಕೈ ಹೋಗಬಹುದು ಎಂಬುದಕ್ಕೆ ಅಲುಗದವರು ಹಾಜರಿಗೆ ಅಲುಗಿದರು.

“ಡ್ರಾಯರಲ್ಲಿರೋ ನನ್ನ ಕಾಗದ ತನ್ನಿ,” ಎಂದೆ. ತಂದರು. ಪ್ರೆಸ್ಸಿನ ಮೇಲೆಯೇ ಇಟ್ಟು ನನ್ನ ಸಹಿ ಹಾಕಿದೆ. “ಇನ್ನು ಇದರ ಪ್ರಕಾರ. ಸಹಿ ಬೇಕು ಅಂದ್ರಲ್ಲ, ತಗೊಳ್ಳಿ.” ಆಮೇಲೆ ಆ ಮರದ ಚಕ್ಕೆ ತೆಗೆದು ಅವರ ಕೈಗೆ ಕೊಟ್ಟೆ. ಅದನ್ನು ಎಲ್ಲಿ ಹಾಕಬೇಕು ಅಂತ ತಿಳಿಯದೆ ಜೇಬಿಗೆ ಹಾಕಿಕೊಂಡರು.

ಆಪರೇಟರ್ ನನ್ನ ಕಡೆ ನೋಡಲೂ ಇಲ್ಲ. ತಗಡಿನ ಕಟ್ಟಿನ ಮೇಲೆ ಕುಸಿದು ಕೂತವನು ಕೂತಲ್ಲೇ ನಿದ್ದೆ ಹೋಗಿದ್ದ.

ಆಫೀಸಿಗೆ ಬಂದು ಹಳೆಯ ಪ್ರತಿಯ ಎಲ್ಲ ಪುಟಗಳಿಗೂ ಟೈಮ್ ಆಫೀಸಿನ ಸೀಲ್ ಒತ್ತಿ, ಸಹಿ ಮಾಡಿ, ಕಾರ್ಡ್ ಪಂಚ್ ಮಾಡುವ ಗಡಿಯಾರದ ಪಕ್ಕ ಅಂಟಿಸಿದೆ. ಕೆಲಸ ಹೋಗುತ್ತದೆ ಅಂತ ನನಗೆ ಖಾತ್ರಿಯಾಗಿತ್ತು. ಮನೆಯಲ್ಲಿ ಏನು ಹೇಳುವುದು ಅಂತ ಬಸವೇಶ್ವರನಗರದ ತನಕ ಬಸ್ಸಿನಲ್ಲಿ ಯೋಚಿಸಬಹುದು ಅಂದುಕೊಂಡೆ. ಜನ ಬಂದರು, ಹೆಸರು ಹುಡುಕಿದರು, ಬೆರಳು ಅಡ್ಡಕ್ಕೆ ಎಳೆದುಕೊಂಡು ಹೋದರು, ಸಿಕ್ಕಿತು, ಹೋದರು. ಯಾರೂ ನನಗೆ ಜೈ ಅನ್ನಲಿಲ್ಲ. ಗೋಡೆಯ ಹಾಳೆಯಲ್ಲಿ ತಿಂಗಳಿಡೀ ಬೆಳಗಿನ ಶಿಫ್ಟೇ ಬಿದ್ದಿದ್ದ ಪೇಂಟರ್ ಒಬ್ಬ, “ಸರಿಯಾಗೇ ಇತ್ತಲ್ಲ ಮೇಡಂ, ಯಾಕೆ ಕೆಡಿಸಿದ್ರಿ?” ಅಂತ ಜಗಳಕ್ಕೇ ಬಂದ.

ಮಧ್ಯಾಹ್ನ ಮ್ಯಾನೇಜರ್ ಕರೆಸಿದರು. ಬೆತ್ತ ಕೈಯಲ್ಲೇ ಇತ್ತು.

“ಯಾರ ಅಪ್ಪಣೆ ತಗೊಂಡು ಹಾಕಿದ್ರಿ?”

“ಯಾರದೂ ಇಲ್ಲ ಸಾರ್. ನನ್ನ ಸಹಿ ಇದೆ, ನೋಡಿ.”

“ಮೆಮೋ ಕೊಡ್ತೀನಿ ನಿಮಗೆ.”

“ಕೊಡಿ. ಕಾರಣ ಏನಂತ ಬರೀತೀರಿ? ರಾತ್ರಿಯೆಲ್ಲ ದುಡಿದವನನ್ನ ಬೆಳಗ್ಗೆ ಮತ್ತೆ ಪ್ರೆಸ್ ಮುಂದೆ ನಿಲ್ಲಿಸಿದ್ರಲ್ಲ, ಅದನ್ನ ತಪ್ಪಿಸಿದ್ದಕ್ಕೆ ಅಂತಾನಾ? ಡೈರೆಕ್ಟರ್ ನಾಳೆ ಬಂದಾಗ ಓದೋಕೆ ಚೆನ್ನಾಗಿರುತ್ತೆ.”

ಅವರು ಬೆತ್ತವನ್ನು ಮೇಜಿನ ಮೇಲಿಟ್ಟರು. ಅವರಿಗೆ ಆಪರೇಟರ್ ಹೇಗಿದ್ದಾನೆ ಅಂತ ಕೇಳುವ ಅವಕಾಶ ಅಲ್ಲಿತ್ತು. ನಾನು ಕಾಯುತ್ತ ನಿಂತೆ. “ಗೋಡೆ ಮೇಲಿರೋದನ್ನ ತೆಗೆದಿಲ್ಲ ತಾನೆ?” ಅಂತ ಕೇಳಿದರು.

“ಇಲ್ಲ ಸಾರ್.”

“ಸರಿ. ಹಾಗಾದ್ರೆ ಗಡಿಯಾರದ ಹತ್ರ ಇರೋದು ಬ್ಯಾಕಪ್.”

ಹೀಗೆ ನಮ್ಮ ಕಾರ್ಖಾನೆಯಲ್ಲಿ ಜನ ದುಡಿಯುವ ಪಟ್ಟಿ ಬ್ಯಾಕಪ್ ಎನಿಸಿಕೊಂಡಿತು. ಮಾರನೇ ದಿನ ಡೈರೆಕ್ಟರ್ ಬಂದರು. ಮ್ಯಾನೇಜರ್ ಬೆತ್ತದಿಂದ ಗೋಡೆ ತೋರಿಸಿ ಪೀಪಲ್ ಆನ್ ಟಾಪ್ ಎಂದರು. ಡೈರೆಕ್ಟರ್ ಹಾಳೆಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿ ವೆರಿ ಗುಡ್ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಶೌಚಾಲಯ ಯಾವ ಕಡೆ ಅಂತ ಕೇಳಿದರು. ಬಾಣ ಹಾಳೆಯ ಕೆಳಗಿತ್ತು.

ಕೀಲಿ ನನಗೆ ವಾಪಸ್ ಬಂತು. ಎರಡು ದಿನ ಕೂತು ಗೋಡೆಯ ಪಟ್ಟಿಯ ಫಾರ್ಮುಲಾಗಳನ್ನೂ ಸರಿ ಮಾಡಿದೆ. ಎಡಕ್ಕೆ ಏಳು ಇದ್ದದ್ದನ್ನು ಮೇಲಕ್ಕೆ ಏಳು ಮಾಡಿ, ರಜೆಗಳನ್ನು ಒಂದೊಂದಾಗಿ ತುಂಬಿ, ಎರಡು ಪಟ್ಟಿಗಳನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಗೋಡೆಯದನ್ನು ಯಾರೂ ನೋಡುತ್ತಿರಲಿಲ್ಲ, ನಿಜ. ಆದರೂ ತಪ್ಪು ಹಾಳೆಯೊಂದು ನೇತಾಡುತ್ತಿದ್ದರೆ ಎಂದಾದರೂ ಒಬ್ಬ ಅದನ್ನು ನಂಬಿಯಾನು. ಅದಾದ ಮೇಲೆ ಪ್ರತಿ ತಿಂಗಳೂ ಎರಡೆರಡು ಪ್ರಿಂಟು. ಮ್ಯಾನೇಜರ್ ಗೋಡೆಯದಕ್ಕೆ ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಿದ್ದರು. ಒಮ್ಮೆಯೂ ಓದಿದ್ದನ್ನು ನಾನು ನೋಡಲಿಲ್ಲ.

ವರ್ಷ ಕಳೆಯುವುದರೊಳಗೆ ಅವರಿಗೆ ಬಡ್ತಿ ಬಂತು. ಧಾರವಾಡದ ಹತ್ತಿರ ನಮ್ಮದೇ ಕಂಪನಿಯ ದೊಡ್ಡ ಕಾರ್ಖಾನೆ, ಇಲ್ಲಿಗಿಂತ ಹೆಚ್ಚು ಪ್ರೆಸ್‌ಗಳು, ಹೆಚ್ಚು ಜನ. ಬೀಳ್ಕೊಡುಗೆಯಲ್ಲಿ ಕ್ಯಾಂಟೀನಿನ ಬೋಂಡಾ, ಜಾಮೂನು. ಭಾಷಣದಲ್ಲಿ ಅವರು, ನಾನು ಬಂದಾಗ ಇಲ್ಲಿ ಜನ ಒಂದು ಮೂಲೆಯಲ್ಲಿದ್ದರು, ನಾನು ಅವರನ್ನು ಮೇಲೆ ತಂದೆ ಎಂದರು. ಜೋರು ಚಪ್ಪಾಳೆ. ಫೋರ್‌ಮನ್ ಎಲ್ಲರಿಗಿಂತ ಹೆಚ್ಚು ತಟ್ಟಿದರು.

ಲಗ್ಗೆರೆಯ ಆಪರೇಟರ್ ತಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದ.

“ಮೇಡಂ, ಅಲ್ಲೂ ಪ್ರೆಸ್ ಶಾಪ್ ಇದ್ಯಾ?”

“ಇದೆ.”

“ಕಂಪ್ಯೂಟರ್?”

“ಈಗ ತಂದಿದಾರಂತೆ.”

ಅವನು ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಶಿಫ್ಟಿಗೆ ಹೋದ. ನಾನು ಆಫೀಸಿನ ಟೆಲಿಫೋನ್ ಬೋರ್ಡಿಗೆ ಹೋಗಿ ಧಾರವಾಡದ ಆ ಕಾರ್ಖಾನೆಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನ್ ಸಿಗುವಷ್ಟರಲ್ಲಿ ಹೊರಗೆ ಹಾರ ಹಾಕುವುದೂ ಫೋಟೋ ತೆಗೆಯುವುದೂ ಮುಗಿದಿತ್ತು. ಅಲ್ಲಿಯ ಟೈಮ್ ಆಫೀಸಿನಲ್ಲಿ ಫೋನ್ ಎತ್ತಿದ್ದು ಒಬ್ಬ ಹುಮ್ಮಸ್ಸಿನ ದನಿಯ ಗುಮಾಸ್ತ.

“ಶಿಫ್ಟ್ ಪಟ್ಟಿ ಕಂಪ್ಯೂಟರಲ್ಲಿ ಮಾಡ್ತಿರೋದು ನೀವೇನಾ?” ಎಂದೆ.

“ಹೌದ್ರಿ, ನಾನ. ಯಾಕ್ರಿ?”

“ನಿಮ್ಮಲ್ಲಿಗೆ ಒಬ್ಬರು ಬರ್ತಿದಾರೆ. ಅಡ್ಡ ಇರೋದನ್ನ ಉದ್ದ ಮಾಡಿ ಅಂತಾರೆ. ಜಗಳ ಆಡಬೇಡಿ, ಮಾಡಿಕೊಡಿ. ಆದ್ರೆ ಕಮ್ಯಾಂಡ್‌ನಿಂದ ತಿರುಗಿಸಬೇಡಿ. ಫಾರ್ಮುಲಾ ಹೊಸದಾಗಿ ಕೈಯಲ್ಲೇ ಹಾಕಿ. ಹಳೇದನ್ನ ಪ್ರಿಂಟ್ ತೆಗೆದು, ಗಡಿಯಾರದ ಹತ್ರ ಅಂಟಿಸಿ, ನಿಮ್ಮ ಸಹಿ ಹಾಕಿ. ಬರ್ಕೊಳ್ತಿದೀರಾ?”

“ಬರಕೊಂಡೆ ತಡೀರಿ.” ಪೆನ್ನಿನ ಸದ್ದಿಗಾಗಿ ಕಾದೆ. ಲೈನ್ ಕರಕರ ಅಂತಿತ್ತು. ಆಮೇಲೆ ಅವನು ಕೇಳಿದ: “ಅಲ್ರೀ ಮೇಡಂ, ಇದು ತಪ್ಪಾಗ್ತೈತಿ ಅಂತ ಅವರಿಗೇ ಹೇಳಿದ್ರ ತಿಳಿಯಂಗಿಲ್ಲೇನ್ರಿ?”

“ಇಲ್ಲ,” ಎಂದೆ. “ಅದನ್ನೂ ಬರ್ಕೊಳ್ಳಿ.”